ಎರಡು ಬಾಗಿಲಿಗೆ ಸಾಕಾಗುವ ಎಂಜಿನ್

ಒಬನಝಾವಾ
ಡಿಸೆಂಬರ್ ೧೧

ಪ್ರೀತಿಯ ಇಕುಕೊ,

ಶಿಜುವೊಕಾದಲ್ಲಿ ಈಗಲೂ ಬಟ್ಟೆ ಹೊರಗೇ ಒಣಗುತ್ತದಂತೆ, ಕಿತ್ತಳೆ ಇನ್ನೂ ಮರದಲ್ಲೇ ಇರುತ್ತದಂತೆ. ನಿನ್ನ ಅಕ್ಕನ ಮನೆಯಲ್ಲಿ ಬೆಚ್ಚಗಿದ್ದೀಯ ಅಂದುಕೊಂಡಿದ್ದೇನೆ. ಬೇಸಿಗೆಯಲ್ಲಿ ಬರೆದ ಕಾಗದಗಳಿಗೆ ನಿನ್ನಿಂದ ಉತ್ತರ ಬರಲಿಲ್ಲ. ಹೋಗಲಿ ಬಿಡು, ನಾನೂ ಅವುಗಳಲ್ಲಿ ಹವೆಯ ಸುದ್ದಿ ಬಿಟ್ಟು ಬೇರೇನೂ ಬರೆದಿರಲಿಲ್ಲ.

ಈ ಸಲ ಸುದ್ದಿಯಿದೆ. ನಮ್ಮಿಬ್ಬರ ಮನೆಗೂ ಸೇರಿದ್ದ ಹಿಮ ಎಸೆಯುವ ಯಂತ್ರ ಕೈಕೊಟ್ಟಿತು. ನವೆಂಬರಿನಲ್ಲಿ ಹೊದಿಕೆ ತೆಗೆದು ಹಗ್ಗ ಎಳೆದೆ, ಎಳೆದೆ, ಕೆಮ್ಮಲೂ ಇಲ್ಲ. ಅದನ್ನು ನಡೆಸುತ್ತಿದ್ದದ್ದು ನಿನ್ನ ಗಂಡ. ತಕೆಝೊ ಎರಡೂ ಮನೆಯ ಬಾಗಿಲನ್ನು ಹಿಮದಿಂದ ಬಿಡಿಸುತ್ತಿದ್ದ, ನಾನು ನನ್ನ ಕ್ಷೌರದಂಗಡಿಯಲ್ಲಿ ನಿಮ್ಮಿಬ್ಬರ ತಲೆಗೂದಲು ಕತ್ತರಿಸುತ್ತಿದ್ದೆ. ಅವನು ಚಾವಣಿಯ ಹಿಮ ತಳ್ಳಲು ಹತ್ತಿ ಬಿದ್ದು ತೀರಿಹೋದ ಆ ಫೆಬ್ರವರಿಯ ಮೇಲೆ ನೀನು ಹಿಮ ಬೀಳುವ ಊರಲ್ಲಿ ಇರಲಾರೆ ಅಂದೆ. ನಾನು ತಡೆಯಲಿಲ್ಲ.

ಸರಿ, ಹೊಸದು ನೋಡೋಣ ಅಂತ ಕುರಾಮೊಚಿಯ ಅಂಗಡಿಗೆ ಹೋದೆ. ಗದ್ದೆಯ ಯಂತ್ರಗಳನ್ನೆಲ್ಲ ಹಿಂದಕ್ಕೆ ತಳ್ಳಿ ಹಿಮದ ಯಂತ್ರಗಳನ್ನು ಮುಂದೆ ನಿಲ್ಲಿಸಿದ್ದ. ಕೆಂಪು ಯಂತ್ರದ ಚೀಟಿಯಲ್ಲಿ ಹದಿಮೂರು ಎಚ್‌ಪಿ, ನೀಲಿಯದರಲ್ಲಿ ಹನ್ನೊಂದು. ಬೆಲೆ ಮಾತ್ರ ನೀಲಿಯದೇ ಹೆಚ್ಚು. ಕಡಿಮೆ ಶಕ್ತಿಗೆ ಹೆಚ್ಚು ಹಣ ಕೇಳೋಕೆ ನಾಚಿಕೆ ಆಗಲ್ವ ಅಂತ ಕೇಳಿದೆ. ಅವನು ನಕ್ಕು, ಚೀಟಿಯ ಕೆಳಗಿನ ಸಣ್ಣ ಅಕ್ಷರ ಓದಲು ಹೇಳಿದ. ಕನ್ನಡಕ ತಂದಿರಲಿಲ್ಲ. ಅವನೇ ಓದಿದ.

"ಅಕ್ಕಾ, ಆ ಹದಿಮೂರು ಅನ್ನೋದು ಗರಿಷ್ಠ. ಉಸಿರು ಬಿಗಿಹಿಡಿದು ಒಂದು ಗಳಿಗೆ ಕೊಡೋ ಶಕ್ತಿ. ಈ ಹನ್ನೊಂದು, ಬೆಳಗಿಂದ ಸಂಜೆವರೆಗೆ ದುಡಿದ್ರೂ ಕೊಡೋ ಶಕ್ತಿ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬಾರ್ದು."

ಹಾಗಾದರೆ ಕೆಂಪಿನದು ದಿನವಿಡೀ ಎಷ್ಟು ಕೊಡುತ್ತೆ ಅಂದೆ. ಪುಸ್ತಕ ತಿರುವಿ ಒಂಬತ್ತು ಅಂದ. ಹೊರಗೆ ಬಣ್ಣ ಬಳಿದುಕೊಂಡು ನಿಂತದ್ದು ಹದಿಮೂರು, ಒಳಗಿರುವುದು ಒಂಬತ್ತು. ಅಂಗಡಿಗೆ ಬಂದವರೆದುರು ನಾನೂ ಹದಿಮೂರಾಗಿಯೇ ನಗುತ್ತೇನಲ್ಲ ಅನ್ನಿಸಿತು.

ಮೂಲೆಯಲ್ಲಿ ಏಳರದೊಂದು ಚಿಕ್ಕದಿತ್ತು. ನನಗೆ ಅದೇ ಸಾಕು ಅಂದ. ಬೆಳಿಗ್ಗೆ ಪುರಸಭೆಯ ಹಿಮ ತಳ್ಳುವ ಗಾಡಿ ಬಾಗಿಲಿಗೆ ಅಡ್ಡವಾಗಿ ಒತ್ತಿಬಿಟ್ಟು ಹೋಗುವ ಒದ್ದೆ ಹಿಮದ ಗೋಡೆಯನ್ನು ನೀನೂ ನೋಡಿದ್ದೀಯ. ಏಳರದು ಅದನ್ನು ತಿನ್ನುತ್ತದೆ, ನಿಧಾನವಾಗಿ. ಒಂದು ಬಾಗಿಲಾದರೆ ಪರವಾಗಿಲ್ಲವಂತೆ.

ನಾನು ಎರಡು ಬಾಗಿಲು ಅಂದೆ.

ಅವನು ಕೈಯೊರೆಸುವ ಬಟ್ಟೆಯನ್ನು ಮಡಿಸಿದ, ಮತ್ತೆ ಬಿಚ್ಚಿದ. "ಎದುರು ಮನೇಲಿ ಈಗ ಯಾರಿದಾರೆ ಅಕ್ಕಾ?"

"ಇಕುಕೊ ಇದಾಳೆ. ಸದ್ಯಕ್ಕೆ ಊರಲ್ಲಿಲ್ಲ, ಅಷ್ಟೆ."

ಅವನು ನೀಲಿಯದನ್ನು ಹೊರಗೆ ತಳ್ಳಿ ತಂದ.

ಹೋದ ವಾರ ಮೊದಲ ದೊಡ್ಡ ಹಿಮ ಬಿತ್ತು, ಸೊಂಟದವರೆಗೆ. ಕೊಳವೆಯನ್ನು ಯಾವ ಕಡೆ ತಿರುಗಿಸಬೇಕೆಂದು ತಿಳಿಯದೆ ಹಿಮವನ್ನೆಲ್ಲ ನನ್ನ ಅಂಗಡಿಯ ಕಿಟಕಿಯ ಗಾಜಿಗೇ ಎಸೆದೆ. ನೀನಿದ್ದಿದ್ದರೆ ಮೆಟ್ಟಿಲ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ಬೀದಿಯ ಆ ತುದಿಯವರೆಗೆ ನೋಡಿದೆ, ಯಾರೂ ಇರಲಿಲ್ಲ. ಒಬ್ಬಳೇ ನಕ್ಕು ನೋಡಿದೆ, ಅದು ನಗುವಿನ ಹಾಗೆ ಕೇಳಿಸಲಿಲ್ಲ.

ಆಮೇಲೆ ಕೈ ಕುದುರಿತು. ನನ್ನ ಬಾಗಿಲು ಬಿಡಿಸಿ, ಬೀದಿ ದಾಟಿ, ನಿನ್ನ ಬಾಗಿಲವರೆಗೂ ದಾರಿ ಮಾಡಿದೆ. ಎಂಜಿನ್ ಒಮ್ಮೆಯೂ ಸದ್ದು ಬದಲಿಸಲಿಲ್ಲ. ನಿಲ್ಲಿಸಿದ ಕೂಡಲೇ ಎಂಥಾ ಮೌನ ಅಂತೀಯ! ನಿನ್ನ ಬಾಗಿಲ ಮುಂದೆ ಬೂಟುಗಳನ್ನು ಕುಟ್ಟಿ ಹಿಮ ಉದುರಿಸಿದೆ, ಒಳಗಿಂದ ಚಹಾಕ್ಕೆ ಕರೆಯುವವರಿದ್ದಾರೆ ಎನ್ನುವ ಹಾಗೆ. ಕಾಲಿನ ಅಭ್ಯಾಸ. ಸ್ವಲ್ಪ ಹೊತ್ತು ನಿಂತು ವಾಪಸು ಬಂದೆ.

ಈಗ ದಿನಾ ಹಾಗೇ ಮಾಡುತ್ತೇನೆ. ಗಿರಾಕಿಗಳು ಕಡಿಮೆ, ಹೊತ್ತು ಬೇಕಾದಷ್ಟಿದೆ. ಸಂಜೆ ಕಾಲು ಬೆಚ್ಚಗಿಡುವ ಮೇಜಿನ ಕೆಳಗೆ ಕಾಲು ತೂರಿಸಿಕೊಂಡು ಮೂಲಂಗಿ ಉಪ್ಪಿನಕಾಯಿ ಕಚ್ಚಿದರೆ ಆ ಕರಕರ ಸದ್ದು ಇಡೀ ಮನೆಗೆ ಕೇಳಿಸುತ್ತದೆ.

ಕೂದಲು ಯಾರ ಹತ್ತಿರ ಕತ್ತರಿಸಿಕೊಳ್ಳುತ್ತಿದ್ದೀಯ? ಹಿಂದೆ ಜಾಸ್ತಿ ಚಿಕ್ಕದು ಮಾಡಬೇಡಿ ಅಂತ ಹೇಳು. ನಿನ್ನ ಕತ್ತಿನ ಹತ್ತಿರದ ಸುಳಿ ಅವರಿಗೆ ಗೊತ್ತಿರುವುದಿಲ್ಲ.

ಎದುರು ಮನೆಯ,
ತೊಮಿಯೆ

ಮತ್ತೆ: ಲಕೋಟೆ ಅಂಟಿಸಿದ್ದೆ, ಪುನಃ ಬಿಚ್ಚಿದೆ. ಮನೆ ಕೆಡವುವವರು ಅಕ್ಟೋಬರಿನಲ್ಲೇ ಬಂದು ನಿನ್ನ ಮನೆಯ ಅಳತೆ ತೆಗೆದುಕೊಂಡು ಹೋದರು. ನೀರು ನಿಲ್ಲಿಸುವ ತಿರುಪು ಎಲ್ಲಿದೆ ಅಂತ ಕೇಳಿದರು, ನಾನೇ ತೋರಿಸಿದೆ. ಹಿಮ ಕರಗಿದ ಮೇಲೆ, ಏಪ್ರಿಲ್‌ನಲ್ಲಿ ಕೆಲಸ ಶುರುವಂತೆ. ಕುರಾಮೊಚಿಯ ಅಂಗಡಿಗೆ ನಾನು ಹೋದದ್ದು ಅದಾದ ಮೇಲೆ. ನೀನು ಹೇಳಲಿಲ್ಲ ಅಂತ ಸಿಟ್ಟಿಲ್ಲ. ಒಮ್ಮೆ ನೋಡಿ ಹೋಗಬೇಕು ಅನ್ನಿಸಿದರೆ ಮುಂಚೆ ತಿಳಿಸುವುದೂ ಬೇಡ, ಬಾ. ಏಪ್ರಿಲ್‌ವರೆಗೂ ದಾರಿ ತೆರೆದಿರುತ್ತದೆ.