ಬಕೆಟ್ ಮುಟ್ಟದ ಬೆಳಗ್ಗೆ

ಮಾರ್ಚ್ 10, ಸೋಮವಾರ. ರೈಲಲ್ಲಿ, 6.20

ಬಂಗಾರಪೇಟೆಯಲ್ಲಿ ಹತ್ತಿದೆ. ಸೀಟು ಸಿಕ್ತು. ಮಂಗಮ್ಮಕ್ಕ ಮಾರಿಕುಪ್ಪಂನಿಂದಲೇ ಟವಲ್ ಹಾಸ್ಕೊಂಡು ಬಂದಿದ್ದಳು. ಈ ಬೋಗೀಲಿ ನಮ್ಮೋರೇ ಮೂವತ್ತೆರಡು ಜನ, ಬೆಂಗಳೂರಲ್ಲಿ ಒಂದೇ ಆಫೀಸ್ ಬಿಲ್ಡಿಂಗು, ಒಬ್ಬನೇ ಕಂಟ್ರಾಕ್ಟರ್ ಕೈಕೆಳಗೆ ಹೌಸ್‌ಕೀಪಿಂಗು. ಯೂನಿಫಾರಂ ಹಾಕ್ಕೊಂಡು ಸೆಲ್ಫಿ ತೆಗೆದು ಸೂಪರ್‌ವೈಸರ್ ಸಾಯಿಕುಮಾರನ ಗ್ರೂಪಿಗೆ ಹಾಕಬೇಕು. ಅದೇ ಹಾಜರಿ. ನಂದು ಆರನೇ ವರ್ಷ.

ಮಾರ್ಚ್ 13, ಗುರುವಾರ. ಸಾಯಂಕಾಲ

ಮಂಗಮ್ಮಕ್ಕ ಬಿದ್ದಳು. ಬೇಸ್‌ಮೆಂಟ್ ಟಾಯ್ಲೆಟ್. ಆಸಿಡ್ ಮೇಲೆ ಬ್ಲೀಚಿಂಗ್ ಬಿತ್ತು, ಹೊಗೆ ಎದ್ದು ಉಸಿರು ಕಟ್ತು. ನಾನೂ ಜೊತೆ ಕೆಲಸದ ಶ್ಯಾಮಲಾನೂ ಕಂಕುಳಿಗೆ ಕೈ ಹಾಕಿ ಎಳ್ಕೊಂಡು ಬಂದ್ವಿ. ಹತ್ತಿರದ ಆಸ್ಪತ್ರೆ ಕೌಂಟರಲ್ಲಿ ಮೊದಲ ಮಾತು — "ಇ.ಎಸ್.ಐ. ನಂಬರ್ ಹೇಳಿ." ಇಲ್ಲ. ಯೂನಿಫಾರಂ ಇದೆ, ಕೊರಳಿಗೆ ಐಡಿ ಕಾರ್ಡಿದೆ, ಆ ನಂಬರೊಂದು ಇಲ್ಲ. ಸೇರಿಸ್ಕೊಳ್ಳಲಿಲ್ಲ.

ಸಾಯಿಕುಮಾರ್ ಅಂದ, "ಊರಿಗೆ ಕರ್ಕೊಂಡೋಗಿ. ಗಾಳಿ ಬದಲಾದ್ರೆ ಸರಿಹೋಗುತ್ತೆ."

ರೈಲಲ್ಲಿ ನನ್ನ ತೊಡೆ ಮೇಲೆ ತಲೆ ಇಟ್ಕೊಂಡು ಬಂದಳು. ಕೆ.ಜಿ.ಎಫ್. ಸರ್ಕಾರಿ ಆಸ್ಪತ್ರೇಲಿ ಆಕ್ಸಿಜನ್ ಹಾಕಿದ್ರು. ಉಸಿರು ಒಂದು ಹದಕ್ಕೆ ಬಂತು. ಡಾಕ್ಟರಮ್ಮ ಶ್ವಾಸಕೋಶ ಸುಟ್ಟಿರಬಹುದು, ದೊಡ್ಡಾಸ್ಪತ್ರೇಲಿ ನೋಡಿಸಲೇಬೇಕು ಅಂದ್ರು. ಯಾವ ದೊಡ್ಡಾಸ್ಪತ್ರೆ...

ಮಾರ್ಚ್ 16, ಭಾನುವಾರ

ಕೆ.ಜಿ.ಎಫ್.ಗೆ ಹೋದೆ. ಸೆಲ್ವರಾಜಣ್ಣನ ಯೂನಿಯನ್ ರೂಮು. ಅವರಪ್ಪ ಗಣೀಲಿ ದುಡಿದು ಕೆಮ್ಮಿ ಕೆಮ್ಮಿ ಸತ್ತೋರು. ಅಣ್ಣ ಕಂಟ್ರಾಕ್ಟ್ ಕೆಲಸದೋರನ್ನ ಸೇರಿಸ್ತಾನೆ.

"ನೋಡಮ್ಮಾ ಪುಷ್ಪಾ, ಇದು ದಾನ ಅಲ್ಲ," ಅಂದ. "ಹತ್ತು ಜನ ಇದ್ರೆ ಸಾಕು, ಇ.ಎಸ್.ಐ. ವಿಮೆ ಮಾಡಿಸಲೇಬೇಕು. ನೀವು ಯಾರೂ ಅಲ್ಲಿ ಕೆಲಸಕ್ಕೇ ಇಲ್ಲ ಅಂತಾನೆ ನಿಮ್ಮ ಕಂಟ್ರಾಕ್ಟರ್. ಇದ್ದೀವಿ ಅಂತ ತೋರಿಸೋಕೆ ಏನಿದೆ?"

ಫೋನ್ ತೆಗೆದೆ. ಆರು ವರ್ಷದ ಸೆಲ್ಫಿ. ತಾರೀಕು, ಟೈಮು, ಹಿಂದೆ ಬಿಲ್ಡಿಂಗಿನ ಬೋರ್ಡು.

ಅಣ್ಣ ಒಂದೊಂದೇ ಸರಿಸಿ ನೋಡಿದ. ಆಮೇಲೆ ನಕ್ಕ.

ಮಾರ್ಚ್ 19. ರೈಲಲ್ಲಿ

ದೂರು ಕೊಡೋಕೆ ಹೆಸರು ಬರ್ಕೊಳ್ತಿದ್ದೀನಿ. ಹದಿನಾಲ್ಕು ಜನ ಸೈನ್ ಹಾಕಿದ್ರು. ಉಳಿದೋರು ಕಿಟಕಿ ಕಡೆ ನೋಡಿದ್ರು. ಸಾಯಂಕಾಲ ಮಂಗಮ್ಮಕ್ಕನ ಮನೆಗೆ ಹೋದೆ. ಗೋಡೆಗೆ ಒರಗಿ ಕೂತಿದ್ದಳು, ಮಲಗಿದ್ರೆ ಉಸಿರು ಸಿಗಲ್ವಂತೆ.

"ನನ್ನೆಸ್ರು ತೆಗಿ, ಪುಷ್ಪಾ. ಗೇಟ್ ಒಳಗೆ ಬಿಡ್ದಿದ್ರೆ ನಾನ್ ಎಲ್ಲಿಗೋಗ್ಲಿ?"

"ಈಗ ಮಾತ್ರ ಬಿಡ್ತಾನಾ ಅಕ್ಕಾ? ಐವತ್ತು ಹೆಜ್ಜೆ ನಡಿ ನೋಡಾಣ."

ಮುಖ ತಿರುಗಿಸಿದಳು. ಆ ಮಾತು ಆಡಬಾರದಿತ್ತು. ಆದ್ರೂ ಹೆಸರು ತೆಗೀಲಿಲ್ಲ.

ಏಪ್ರಿಲ್ 3, ಗುರುವಾರ

ಸಾಯಿಕುಮಾರ್ ಪ್ಯಾಂಟ್ರಿಗೆ ಕರೆದ. ಕುರ್ಚಿ ಕೊಟ್ಟ. ಇಷ್ಟು ವರ್ಷದಲ್ಲಿ ಮೊದಲ ಸಲ.

"ನಿನಗೊಬ್ಬಳಿಗೆ ಇ.ಎಸ್.ಐ. ಮಾಡಿಸ್ತೀನಿ. ಲೇಡಿ ಸೂಪರ್‌ವೈಸರ್ ಮಾಡ್ತೀನಿ. ಆ ಪಟ್ಟಿ ಇಲ್ಲಿ ಕೊಡು."

"ನನಗೇನು ಕಾಯಿಲೆ ಇಲ್ಲ ಸಾರ್," ಅಂದೆ. "ಮಂಗಮ್ಮಕ್ಕಂದು ಮೊದ್ಲು ಮಾಡ್ಸಿ."

ನಿಂತ್ಕೊಂಡೇ ಅಂದೆ.

ಏಪ್ರಿಲ್ 5. ರೈಲಲ್ಲಿ

ನಿನ್ನೆ ಸಾಯಿಕುಮಾರ್ ನನ್ನನ್ನ ಗ್ರೂಪಿನಿಂದ ತೆಗೆದ. ಗೇಟಲ್ಲಿ ಸೆಕ್ಯೂರಿಟಿ ತಡೆದ. ತೆಗೀಲಿ — ಸೆಲ್ಫಿಗಳೆಲ್ಲ ಬಂಗಾರಪೇಟೆ ಸ್ಟೇಷನ್ ಎದುರಿನ ಜೆರಾಕ್ಸ್ ಅಂಗಡೀಲಿ ಪ್ರಿಂಟಾಗಿ, ದೂರಿನ ಜೊತೆ ಇ.ಎಸ್.ಐ. ಆಫೀಸಿಗೆ ಆಗಲೇ ಹೋಗಿವೆ.

ರಾತ್ರಿ ಮನೇಲಿ ಯಜಮಾನರು ವಿಜಯಕುಮಾರ್, "ನಿನಗ್ಯಾಕೆ ಊರ ಉಸಾಬರಿ?" ಅಂದ್ರು. ನಾನು, "ಏಣಿಯಿಂದ ಬಿದ್ರೆ ನಿಮ್ಮನ್ನ ಯಾರು ನೋಡ್ತಾರೆ?" ಅಂದೆ. ಪೇಂಟಿಂಗ್ ಕೆಲಸ ಅವರದ್ದು. ಇವತ್ತು ಬೆಳಗ್ಗೆ ಅವರೇ ಸೈಕಲ್ಲಲ್ಲಿ ಸ್ಟೇಷನ್‌ಗೆ ಬಿಟ್ರು. ಕೆಲಸ ಇಲ್ಲದಿದ್ರೇನು, ತಿಂಗಳ ಪಾಸಿದೆ. ಬೋಗೀಲೇ ನನ್ನ ಕೆಲಸ, ಉಳಿದೋರನ್ನ ಒಪ್ಪಿಸೋದು.

ಏಪ್ರಿಲ್ 24

ಇನ್‌ಸ್ಪೆಕ್ಟರ್ ಮೇಡಂ ಬಿಲ್ಡಿಂಗಿಗೆ ಬಂದ್ರು, ಇ.ಎಸ್.ಐ. ಆಫೀಸಿಂದ. ಯೂನಿಯನ್ ಜೊತೆ ಅಂತ ನನ್ನನ್ನೂ ಒಳಗೆ ಬಿಡಲೇಬೇಕಾಯ್ತು. ಕಂಟ್ರಾಕ್ಟರ್ ಹೇಳ್ದ, ಇವರೆಲ್ಲ ಯಾವಾಗಲೋ ಬಂದು ಹೋಗೋ ಕೂಲಿಗಳು.

ಬಾಗಿಲಲ್ಲಿ ಮಂಗಮ್ಮಕ್ಕ. ಶ್ಯಾಮಲಾ ತೋಳು ಹಿಡಿದು ಕರ್ಕೊಂಡು ಬಂದಿದ್ದಾಳೆ. ನಾನು ಕರೆದಿರಲಿಲ್ಲ.

"ಯಾವಾಗಲೋ ಅಲ್ಲ ಮೇಡಂ. ಒಂಬತ್ತು ವರ್ಸ. ಈ ಬಿಲ್ಡಿಂಗ್ನಾಗೆ ನಾನ್ ತೊಳೀದೆ ಇರೋ ಬಾಗ್ಲಿದ್ರೆ ತೋರ್ಸಿ." ಮಧ್ಯೆ ಮೂರು ಸಲ ಉಸಿರಿಗೆ ನಿಂತಳು.

ಮೇಡಂ ಎಲ್ಲ ಬರ್ಕೊಂಡ್ರು. ಹೊರಗೆ ಬಂದು ಅಕ್ಕ, "ಐವತ್ತೆಜ್ಜೆಗಿಂತ ಜಾಸ್ತಿ ನಡ್ದೆ ಕಣೇ," ಅಂದಳು.

ಅತ್ಬಿಟ್ಟೆ. ಬರೀತಿದ್ದೀನಿ, ಯಾರೂ ಓದಲ್ಲ.

ಮೇ 9, ಶುಕ್ರವಾರ

ನಂಬರ್ ಬಂತು. ಮೂವತ್ತೊಂದು ಜನಕ್ಕೆ. ಮಂಗಮ್ಮಕ್ಕ ಇವತ್ತೇ ಇ.ಎಸ್.ಐ. ಆಸ್ಪತ್ರೇಲಿ ಅಡ್ಮಿಟ್. ಸ್ಕ್ಯಾನ್ ಆಯ್ತು. ವಾಸಿಯಾಗುತ್ತಂತೆ, ನಿಧಾನಕ್ಕೆ.

ನಂದು ಬಂದಿಲ್ಲ. ಪುಷ್ಪ ಅನ್ನೋರು ನಮ್ಮಲ್ಲಿ ಯಾವತ್ತೂ ಇರ್ಲೇ ಇಲ್ಲ ಅಂತ ಬರೆದು ಕೊಟ್ಟಿದ್ದಾನೆ ಕಂಟ್ರಾಕ್ಟರ್. ಖುಷಿಯಾಗಬೇಕು. ಆಗಿದೆ. ಹೊಟ್ಟೇನೂ ಉರೀತಿದೆ. ಎರಡೂ ಇದೆ.

ಮೇ 12, ಸೋಮವಾರ. ಗೇಟಿನ ಹೊರಗೆ, 8.10

ಬೋಗೀಲಿ ಯಾರೂ ಏನೂ ಹೇಳಿರಲಿಲ್ಲ. ಇಳಿದ್ವಿ, ಎಲ್ಲ ಒಳಗೆ ಹೋದ್ರು, ನಾನು ಫುಟ್‌ಪಾತಲ್ಲಿ ಕೂತೆ. ಐದು ನಿಮಿಷಕ್ಕೆ ಶ್ಯಾಮಲಾ ಹೊರಗೆ ಬಂದು ಪಕ್ಕದಲ್ಲಿ ಕೂತಳು. ಹಿಂದೆ ಇನ್ನಿಬ್ಬರು. ಆಮೇಲೆ ಎಲ್ಲ. ಯೂನಿಫಾರಂನಲ್ಲೇ, ಬರಿಗೈಲಿ.

"ಪುಷ್ಪಕ್ಕನ ನಂಬರ್ ಬರಲಿ ಸಾರ್. ಆಮೇಲೆ ಬಕೆಟ್ ಮುಟ್ತೀವಿ," ಅಂದಳಂತೆ ಶ್ಯಾಮಲಾ ಒಳಗೆ, ಸಾಯಿಕುಮಾರನಿಗೆ.

9.40

ಆಫೀಸಿನೋರು ಬಂದು ನಮ್ಮನ್ನ ದಾಟ್ಕೊಂಡು ಹೋಗ್ತಿದ್ದಾರೆ. ಟಾಯ್ಲೆಟ್ ನಾರ್ತಿದೆ ಅಂತ ಮೇಲಿಂದ ಫೋನ್ ಮೇಲೆ ಫೋನಂತೆ. ಸೆಲ್ವರಾಜಣ್ಣ ಟೀ ತರಿಸಿದ. ಬಿಸಿಲು ಏರ್ತಿದೆ. ಯಾರೂ ಏಳ್ತಿಲ್ಲ.

10.25

ಸಾಯಿಕುಮಾರ್ ಬಂದ. ಕೈಲಿ ಫಾರಂ, ಪೆನ್ನು. ನನ್ನೆದುರಿಗೆ ಕುಕ್ಕರುಗಾಲಲ್ಲಿ ಕೂತ. "ಆಧಾರ್ ನಂಬರ್ ಹೇಳಮ್ಮಾ" ಅಂತಿದ್ದಾನೆ.

ಇರಲಿ, ಬರ್ಕೊಳ್ತಾ ಹೇಳ್ತೀನಿ, ಅವನೂ ಬರ್ಕೊಳ್ಳಲಿ. ಆರು. ಎರಡು. ಒಂಬತ್ತು