ಪಟ್ಟಿಯಲ್ಲಿ ಒಂದೇ ಹೆಸರು

ಕುರುಬರಹಳ್ಳಿ,
೧೧-೩-೧೯೫೭

ಪ್ರೀತಿಯ ತಮ್ಮ ವೆಂಕಟಗಿರಿಗೆ ಅಣ್ಣನ ಆಶೀರ್ವಾದ.

ಹೇಗಿದ್ದೀಯಪ್ಪಾ? ಮಿಲ್ಲಿನ ಹತ್ತಿ ಧೂಳಿಗೆ ಕೆಮ್ಮು ಹತ್ತಿದೆ ಎಂದು ಬರೆದಿದ್ದೆಯಲ್ಲ, ಈಗ ಕಡಿಮೆಯಾಗಿದೆಯೆ? ಮೆಣಸಿನ ಕಷಾಯ ಕುಡಿಯಲಿ ಎನ್ನುತ್ತಾಳೆ ನಿನ್ನ ಅತ್ತಿಗೆ. ಮೈಸೂರಿನಲ್ಲಿ ಅವನಿಗೆ ಕಾಯಿಸಿ ಕೊಡುವವರು ಯಾರೇ ಎಂದರೆ, ಅದಕ್ಕೇ ಬೇಗ ಮದುವೆ ಮಾಡಿ ಎಂದು ನನ್ನ ಮೇಲೇ ರೇಗುತ್ತಾಳೆ. ಅವ್ವನ ಮಂಡಿನೋವು ಇದ್ದ ಹಾಗೇ ಇದೆ. ಆದರೆ ಯುಗಾದಿಗೆ ಬರುತ್ತೇನೆ ಎಂಬ ನಿನ್ನ ಕಾಗದ ಓದಿ ಹೇಳಿದ ದಿನದಿಂದ ಮಂಡಿಯ ಮಾತೇ ಎತ್ತಿಲ್ಲ. ಮೂರು ವರ್ಷದ ಮೇಲೆ ಮಗ ಮನೆಗೆ ಬರುತ್ತಾನೆಂದು ಕಜ್ಜಾಯಕ್ಕೆ ಈಗಲೇ ಬೆಲ್ಲ ಆರಿಸಿ ಇಟ್ಟಿದ್ದಾಳೆ. ಇನ್ನೂ ಇಪ್ಪತ್ತು ದಿನ ಇದೆ ಕಣವ್ವ ಎಂದರೆ ಕಿವಿ ಕೇಳಿಸದವಳ ಹಾಗೆ ಒಳಗೆ ಹೋಗುತ್ತಾಳೆ.

ನಿನಗೊಂದು ವಿಷಯ ಹೇಳಬೇಕು. ಏಳು ತಿಂಗಳಿಂದ ಹೇಳಬೇಕು ಹೇಳಬೇಕು ಎಂದುಕೊಂಡು ಪ್ರತಿ ಕಾಗದದಲ್ಲೂ ದನಕರು, ರಾಗಿ ಎಂದು ಬರೆದು ಮುಗಿಸಿದ್ದೇನೆ. ನಮ್ಮ ಹೊಲದಾಚೆ ರಾಜಾಜಿನಗರದ ಮನೆಗಳು ಸಾಲುಸಾಲಾಗಿ ಏಳುತ್ತಿವೆ. ಹೋದ ವರ್ಷ ಅಲ್ಲಿ ಕಟ್ಟುತ್ತಿದ್ದ ಮನೆಗಳಿಂದ ನಲ್ಲಿ, ಕಿಟಕಿ ಸರಳು, ಬಾಗಿಲ ಚಿಲಕ ಎಲ್ಲಾ ಮಾಯವಾಗತೊಡಗಿದವು. ಕಳ್ಳತನ ತಡೆಯಲು ಪೊಲೀಸಿನವರೂ ಪಂಚಾಯಿತಿಯೂ ಕೈಜೋಡಿಸಬೇಕೆಂದು ಶ್ರಾವಣದಲ್ಲಿ ಚಾವಡಿಯಲ್ಲಿ ಸಭೆ ನಡೆಯಿತು. ಅಧ್ಯಕ್ಷ ಎಂದು ನಾನು ಮಡಿಕೆ ಮುರಿಯದ ಶಲ್ಯ ಹೊದ್ದು ನಡುವೆ ಕೂತಿದ್ದೆ. ಇನ್ಸ್‌ಪೆಕ್ಟರು ಒಳ್ಳೆಯ ಮಾತಿನವರು. "ಹೇಳದೆ ಕೇಳದೆ ಊರು ಬಿಟ್ಟೋರ ಹೆಸ್ರು ಬರ್ಸಿ ಯಜಮಾನ್ರೆ, ನಾವು ವಿಚಾರಿಸ್ಕೋತೀವಿ" ಎಂದರು. ಯಾರೂ ಬಾಯಿ ಬಿಡಲಿಲ್ಲ. ನಮ್ಮ ಮನೆಯ ಪದ್ಧತಿ ನಿನಗೆ ಗೊತ್ತು. ಕೆರೆಯ ಹೂಳು ಎತ್ತಲಿ, ದಾರಿಗೆ ಮಣ್ಣು ಹಾಕಲಿ, ಅಪ್ಪನ ಕಾಲದಿಂದ ಮೊದಲ ಮಂಕರಿ ನಮ್ಮದು. ನಾವು ಹೊತ್ತ ಮೇಲೆ ಊರು ಹೊರುತ್ತದೆ. ಆ ಅಭ್ಯಾಸಕ್ಕೆ ಬಿದ್ದು ನಾನು, "ಮೊದ್ಲು ನಮ್ಮನೇದೇ ಬರ್ಕೊಳ್ಳಿ, ನನ್ ತಮ್ಮ ವೆಂಕಟಗಿರಿ" ಎಂದುಬಿಟ್ಟೆ. ನನ್ನ ಜೊತೆ ಜಗಳವಾಡಿ ಬಾರುಕೋಲು ಎಸೆದು ಹೋಗಿದ್ದೆಯಲ್ಲ, ಅದು ಹೇಳದೆ ಕೇಳದೆ ಹೋದದ್ದೇ ತಾನೆ ಎಂದು ಆ ಗಳಿಗೆಯಲ್ಲಿ ತೋರಿತು.

ಉಳಿದವರೂ ಒಬ್ಬೊಬ್ಬರಾಗಿ ಹೇಳುತ್ತಾರೆಂದು ಕಾದೆ. ಬೈರಪ್ಪನ ಅಳಿಯ ಎರಡು ವರ್ಷದಿಂದ ಎಲ್ಲಿದ್ದಾನೋ ದೇವರೇ ಬಲ್ಲ. ಬೈರಪ್ಪ ಎಲೆಗೆ ಸುಣ್ಣ ಸವರುತ್ತಾ ಕೂತಿದ್ದ. ಕಡೆಗೆ ಕಾರ್ಯದರ್ಶಿ ಚಕ್ರಪಾಣಿ ಅಡಿಗೆರೆ ಎಳೆದು "ಒಟ್ಟು ಒಬ್ಬರು" ಎಂದು ಬರೆದು ನನ್ನ ಮುಂದೆ ಹಿಡಿದ. ರುಜು ಹಾಕಿದೆ. ಈ ಕೈ ಕಡಿದು ಹಾಕಬೇಕು ಅನ್ನಿಸುತ್ತದೆ ಗಿರಿ.

ಹೆಸರು ತೆಗೆಸಲು ನಾನು ಹತ್ತದ ಮೆಟ್ಟಿಲಿಲ್ಲ. ಠಾಣೆಯವರು ಪಂಚಾಯಿತಿ ಠರಾವು ತನ್ನಿ ಎಂದರು. ಪಂಚಾಯಿತಿಯಲ್ಲಿ, ಪಟ್ಟಿ ಪೊಲೀಸರ ಕೈ ಸೇರಿದ ಮೇಲೆ ನಮ್ಮದೇನಿದೆ ಎಂದರು. ಅಷ್ಟರಲ್ಲಿ ಆ ಇನ್ಸ್‌ಪೆಕ್ಟರಿಗೆ ವರ್ಗವಾಯಿತು. ಮನೆಗಳಿಗೆ ಜನ ಬಂದು ಬೀಗ ಬಿದ್ದು ಕಳ್ಳತನ ತಾನಾಗಿ ಇಳಿದಿತ್ತು. ಹೊಸಬರು ಮಾತ್ರ, "ನಿಮ್ ಪಟ್ಟಿಯಿಂದ್ಲೇ ಕಡಿಮೆ ಆಗಿರೋದು ಯಜಮಾನ್ರೆ, ಈಗ್ಯಾಕೆ ತೆಗೀಬೇಕು?" ಎಂದು ನನಗೇ ಕಾಫಿ ತರಿಸಿ ಕೊಟ್ಟರು. ನೀನು ಮಿಲ್ಲಿನಲ್ಲಿ ಮರ್ಯಾದೆಯಿಂದ ದುಡಿಯುತ್ತಿದ್ದೀಯ ಎಂದು ಹೇಳೋಣವೆಂದು ಬಾಯಿತನಕ ಬಂತು. ಹೇಳಿದರೆ, ಹಾಗಾದರೆ ಮಿಲ್ಲಿಗೊಂದು ಕಾಗದ ಹಾಕಿ ವಿಚಾರಿಸುತ್ತೇವೆ ಎಂದಾರು. ಕೆಲಸ ಇನ್ನೂ ಖಾಯಂ ಆಗದವನ ಮೇಲೆ ಪೊಲೀಸ್ ಕಾಗದ ಹೋದರೆ ಗತಿಯೇನು? ಕಾಫಿ ಕುಡಿದು ಎದ್ದು ಬಂದೆ.

ಹೋದ ವಾರ ರಾಜಾಜಿನಗರದಲ್ಲಿ ಮತ್ತೆ ನಾಲ್ಕು ನಲ್ಲಿ ಹೋದವು. ಇಬ್ಬರು ಪೇದೆಗಳು ಮನೆಗೆ ಬಂದು ನಿನ್ನನ್ನು ಕೇಳಿದ್ದಾರೆ. ನಾನು ಹೊಲದಲ್ಲಿದ್ದೆ. ಮಗನ ಸ್ನೇಹಿತರೇ ಬಂದರೇನೋ ಎಂಬ ಹಾಗೆ ಅವ್ವ ಅವರನ್ನು ಜಗಲಿಯಲ್ಲಿ ಕೂರಿಸಿ ಮಜ್ಜಿಗೆ ಕೊಟ್ಟು, "ಯುಗಾದಿಗೆ ಬತ್ತಾನೆ ಸ್ವಾಮಿ, ನೀವೂ ಬನ್ನಿ, ಕಜ್ಜಾಯ ತಿನ್ನೀರಂತೆ" ಎಂದು ಕರೆದಿದ್ದಾಳೆ. ಬರ್ತೀವಿ ಎಂದರಂತೆ. ಎಷ್ಟು ಒಳ್ಳೆಯ ಹುಡುಗರು ಎಂದು ನನ್ನ ಹತ್ತಿರ ಹೊಗಳಿದ್ದೇ ಹೊಗಳಿದ್ದು. ಅವಳಿಗೆ ಏನು ಹೇಳಲಿ? ನಿನ್ನ ಮಗನ ಹೆಸರು ಬರೆಸಿದವನು ನಾನೇ ಎನ್ನಲೆ?

ಮೈ ಕಡೆ ಜೋಪಾನ. ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ಅತ್ತಿಗೆ ಹುರಿಹಿಟ್ಟು ಮಾಡಿಟ್ಟಿದ್ದಾಳೆ. ಅವ್ವ ನಿನ್ನ ತಲೆಯ ಮೇಲೆ ಕೈಯಿಟ್ಟು ಹರಸಿದ್ದಾಳೆಂದು ಬರೆ ಎಂದಳು, ಬರೆದಿದ್ದೇನೆ.

ಇತಿ ನಿನ್ನ ಅಣ್ಣ,
ನಂಜುಂಡಪ್ಪ

ವಿ.ಸೂ.: ನೀನು ಊರಿಗೆ ಬರಬೇಡ ಗಿರಿ. ಹಬ್ಬದ ಹಿಂದಿನ ದಿನ ಬೆಳಗಿನ ರೈಲಿಗೆ ಹತ್ತಿ ಕೆಂಗೇರಿಯಲ್ಲಿ ಇಳಿ. ಸ್ಟೇಷನ್ ಬಿಟ್ಟು ಆಚೆ ಕಾಲಿಡಬೇಡ. ನಾಯಂಡಹಳ್ಳಿ ಮೇಲೆ ಗಾಡಿಯಲ್ಲಿ ಅವ್ವನನ್ನು ಅಲ್ಲಿಗೇ ಕರೆತರುತ್ತೇನೆ. ಅವಳು ಕಣ್ತುಂಬ ನೋಡಲಿ. ಮೈಸೂರು ಕಡೆ ಹೋಗುವ ಮುಂದಿನ ರೈಲಿಗೆ ನೀನು ವಾಪಸು ಹೊರಡು. ಕೆಂಗೇರಿಗೆ ಹೋಗಿ ಕರೆತರೋಣ ಎಂದಷ್ಟೇ ಅವಳಿಗೆ ಹೇಳಿದ್ದೇನೆ. ಬರುವಾಗ ಮೂವರಾಗುತ್ತೇವೆ, ರೈಲಿನಲ್ಲಿ ಕೂತು ಅವನ ಸೊಂಟ ಹಿಡಿದಿರುತ್ತೆ, ಗಾಡಿಗೆ ಹುಲ್ಲು ಜಾಸ್ತಿ ಹಾಸು ಎಂದಿದ್ದಾಳೆ. ಹಾಸುತ್ತೇನೆ.