ಮಗ ಆಡಿದ ಮೊದಲ ಮಾತು

ವಾಕ್ ಮತ್ತು ಶ್ರವಣ ವಿಭಾಗದ ದೊಡ್ಡ ಮೇಡಮ್ ಅವರಿಗೆ,

ನಮಸ್ಕಾರ. ನಿಮ್ಮೆದುರು ನಿಂತರೆ ನನಗೂ ಮಾತು ಹೊರಡುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಮಗನಿಗೆ ಮಾತು ಕಲಿಸುವ ಎಂ.ಎಸ್ಸಿ. ಹುಡುಗಿಯರನ್ನು ಸೆಮಿಸ್ಟರ್ ಮುಗಿದಾಗಲೆಲ್ಲ ಬದಲಾಯಿಸುತ್ತೀರಿ. ಅವನು ಒಬ್ಬಳಿಗೆ ಹೊಂದಿಕೊಳ್ಳುವಷ್ಟರಲ್ಲಿ ಅವಳ ಪರೀಕ್ಷೆ ಬಂದುಬಿಡುತ್ತದೆ. ಹೊಸಬಳು ಮತ್ತೆ ಅದೇ ಸೇಬಿನ ಚಿತ್ರ ಹಿಡಿದು, "ಇದೇನು ಪುಟ್ಟಾ?" ಅನ್ನುತ್ತಾಳೆ. ಆ ಸೇಬು ನೋಡಿ ನೋಡಿ ನನಗೇ ಸಾಕಾಗಿಹೋಗಿದೆ, ಇನ್ನು ಮಗುವಿಗೆ?

ನಿನ್ನೆ ಮತ್ತೊಬ್ಬ ಹೊಸ ಹುಡುಗಿ ಬಂದು ಕುರ್ಚಿ ಎಳೆದುಕೊಂಡು ಕೂತಳು. ಮಗ ಅವಳ ಮುಖ ನೋಡಿ, ಕೈ ಬೀಸಿ, ಸ್ಪಷ್ಟವಾಗಿ "ಟಾಟಾ" ಎಂದ. ಅವನ ಬಾಯಿಂದ ಬಂದ ಮೊದಲ ಮಾತು ಅದು. "ಅಕ್ಕಾ, ಎಷ್ಟು ಚೆನ್ನಾಗಿ ಹೇಳಿದ ನೋಡಿ!" ಎಂದು ಅವಳು ಚಪ್ಪಾಳೆ ತಟ್ಟಿದಳು. ನನಗೆ ಅಳು ಬಂತು.

ಮೇಡಮ್, ಅವನು "ಬಾ" ಅನ್ನುವ ತನಕವಾದರೂ ಇವಳನ್ನು ಬದಲಾಯಿಸಬೇಡಿ.

ಇಂತಿ,
ಮೂಲೆಯ ಕೋಣೆಗೆ ಬರುವ ಹುಡುಗನ ತಾಯಿ